ನೊಗ, ಜಾತ್ರೆ, ಓಟ: ನಂಜನಗೂಡು–ತಿ. ನರಸೀಪುರ ಸೀಮೆಯಲ್ಲಿ ಹಳ್ಳಿಕಾರ್ ಜೋಡಿಯ ಬೆಲೆ

ಓಟದ ಪ್ರಾಣಿಯನ್ನು ಸಾಕಿ ಪಳಗಿಸುವವರ ಕುರಿತ ಚರ್ಚೆ ಹೊರದೇಶಗಳಲ್ಲಿ ಹೆಚ್ಚಾಗಿ ಗ್ರೇಹೌಂಡ್ ನಾಯಿಯ ಸುತ್ತ ನಡೆದಿದೆ. 1919ರಲ್ಲಿ ಅಮೆರಿಕದ ಎಮೆರಿವಿಲ್‌ನಲ್ಲಿ ಓವನ್ ಪ್ಯಾಟ್ರಿಕ್ ಸ್ಮಿತ್ ಯಂತ್ರದ ಮೊಲದ ಹಿಂದೆ ನಾಯಿ ಓಡಿಸಿದ. 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಅಂಗಳದಲ್ಲಿ ಅದೇ ಆಟ ಶುರುವಾಯಿತು. ಅಲ್ಲಿ ದುಡ್ಡು ಹಾಕುವ ಒಡೆಯ ಒಬ್ಬ, ಪಳಗಿಸುವವನು ಇನ್ನೊಬ್ಬ, ಪಂದ್ಯ ಕಟ್ಟುವವರು ಮತ್ತೊಂದು ಗುಂಪು. ಓಟ ಮುಗಿದ ನಾಯಿಗೆ ಬೇರೆ ಕಸುಬಿಲ್ಲ. 2018ರಲ್ಲಿ ಫ್ಲಾರಿಡಾದ ಮತದಾರರು ಈ ಓಟವನ್ನು ತಿರಸ್ಕರಿಸಲು ಇದೂ ಒಂದು ಹಿನ್ನೆಲೆ.

ನಮ್ಮಲ್ಲಿಯೂ ಇದೇ ಮೈಕಟ್ಟಿನ ಮುಧೋಳ ನಾಯಿ ಇದೆ. ಆದರೆ ಅದು ಬೇಟೆಯ ನಾಯಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಾವಲಿಗೆ ನಿಂತಿತೇ ಹೊರತು ಬಾಜಿಯ ಅಂಗಳದ ಪ್ರಾಣಿಯಾಗಲಿಲ್ಲ. ಮೈಸೂರು ಸೀಮೆಯಲ್ಲಿ ಗ್ರೇಹೌಂಡಿನ ಜೊತೆ ಇಟ್ಟು ನೋಡಬೇಕಾದ ಪ್ರಾಣಿ ನಾಯಿಯಲ್ಲ, ಹಳ್ಳಿಕಾರ್ ಎತ್ತು. ಈ ಎತ್ತಿನ ಬೆಲೆ ಹುಟ್ಟುವುದು ಜಾತ್ರೆಯಲ್ಲಿ, ಓಟ ಅದರ ಪರೀಕ್ಷೆ ಮಾತ್ರ. ಆದರೆ ಉಳುಮೆ ಕೈಬಿಟ್ಟಷ್ಟೂ ಎತ್ತು ಗ್ರೇಹೌಂಡಿನ ಪಾಡಿಗೆ ಹತ್ತಿರವಾಗುತ್ತದೆ ಎಂಬುದು ಈ ಲೇಖನದ ವಾದ.

ಜಾತ್ರೆಯ ಅಳತೆ

ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ತಲಕಾಡಿನ ಪಂಚಲಿಂಗ ಕ್ಷೇತ್ರಗಳಲ್ಲೊಂದು. ಮಲ್ಲಿಕಾರ್ಜುನನ ಬೆಟ್ಟದ ತಪ್ಪಲಲ್ಲಿ, ಕಾವೇರಿ ದಡದಲ್ಲಿ ದನಗಳ ಜಾತ್ರೆ ಸೇರುತ್ತದೆ. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲೆಯ ದಡದ ಸುತ್ತೂರು ಜಾತ್ರೆಯಲ್ಲಿಯೂ ರಾಸುಗಳನ್ನು ಕಟ್ಟುತ್ತಾರೆ. ಸುಗ್ಗಿ ಮುಗಿದ ತಿಂಗಳುಗಳಲ್ಲಿ ಬರುವ ಈ ಜಾತ್ರೆಗಳೇ ಸಾಕುವವನ ವರ್ಷದ ಲೆಕ್ಕ ಮುಗಿಯುವ ಜಾಗ.

ಕೊಳ್ಳುವವನು ಮೊದಲು ತುಟಿ ಬಿಡಿಸಿ ಕೆಳದವಡೆ ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ಎಣಿಕೆಯೇ ಇಲ್ಲಿ ಜನ್ಮಪತ್ರ. ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ ಹಲ್ಲು ಬದಲಾಗುವುದರಿಂದ ಈ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ರಾಸುಗಳಿಗೆ ಬಹುಮಾನ ಹಂಚುವುದೂ ಇದರ ಮೇಲೆಯೇ. ಆಮೇಲೆ ಸುಳಿ, ಗೊರಸು, ಬಾಲ. ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ನೆಟ್ಟಗೆ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬು ತಳಿಯ ಗುರುತು. ಎರಡು ಹೆಜ್ಜೆ ನಡೆಸಿ ನೋಡಿದ ಮೇಲೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ.

ಇಲ್ಲಿ ಮಾರಾಟವಾಗುವುದು ಒಂದು ಪ್ರಾಣಿಯಲ್ಲ, ಜೋಡಿ. ಬಣ್ಣ, ಎತ್ತರ, ಕೊಂಬು, ನಡಿಗೆ ನಾಲ್ಕೂ ಕೂಡಿದ ಜೋಡಿಗೆ ಬರುವ ಬೆಲೆ ಬಿಡಿಬಿಡಿಯಾಗಿ ಮಾರಿದರೆ ಬಾರದು. ಗ್ರೇಹೌಂಡ್ ತಾನೊಂದೇ ಗೆಲ್ಲುತ್ತದೆ. ಗಾಡಿ ಓಟದಲ್ಲಿ ಒಂದು ಎತ್ತಿನ ವೇಗ ಇನ್ನೊಂದಕ್ಕೆ ಹೊಂದದಿದ್ದರೆ ನೊಗ ಓರೆಯಾಗಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಬೀಜ ಒಡೆಸಿದ ಮೇಲೆ

ಗೆದ್ದ ಗಂಡು ಗ್ರೇಹೌಂಡ್ ಮುಂದೆ ತಳಿಯ ತಂದೆಯಾಗುತ್ತದೆ. ಒಡೆಯನ ಲಾಭ ಅಂಗಳದಾಚೆಗೂ ನಡೆಯುತ್ತದೆ. ಬೀಜ ಒಡೆಸಿದ ಎತ್ತಿಗೆ ಆ ದಾರಿ ಮುಚ್ಚಿದೆ. ಎಷ್ಟು ಬಹುಮಾನ ಗೆದ್ದರೂ ಅದರ ವೇಗ ಅದರೊಡನೆಯೇ ಮುಗಿಯುತ್ತದೆ. ತಳಿಯನ್ನು ಮುಂದಕ್ಕೆ ಒಯ್ಯುವವರು ಬೇರೆ: ನಾಟಿ ಹಸು ಕಟ್ಟಿದವರು, ಬೀಜದ ಹೋರಿ ಸಾಕಿದವರು. ಹಾಲು ಕಡಿಮೆ ಕೊಡುವ ಹಳ್ಳಿಕಾರ್ ಹಸುವನ್ನು ಡೇರಿ ಲೆಕ್ಕದಲ್ಲಿ ಯಾರೂ ಉಳಿಸಿಕೊಳ್ಳರು. ಅದರ ಗಂಡುಕರುವಿಗೆ ಜಾತ್ರೆಯಲ್ಲಿ ಬೆಲೆ ಇದ್ದರಷ್ಟೇ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತದೆ.

ಇದು ಹಳೆಯ ಕತೆಯೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಹಳ್ಳಿಕಾರ್ ಮೂಲದ ಆ ಎತ್ತುಗಳು ಫಿರಂಗಿ, ಸಾಮಾನು ಎಳೆದವು. ಅಂದು ವೇಗಕ್ಕೆ ಬೆಲೆ ಕಟ್ಟಿದ್ದು ದಂಡು, ಆಮೇಲೆ ಬೇಸಾಯ.

ಕಾನೂನಿನ ಕಣ್ಣು

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಗಾಡಿ ಓಟಗಳ ವಿರುದ್ಧ ತೀರ್ಪಿತ್ತಿತು. ಕರ್ನಾಟಕ 2017ರ ತಿದ್ದುಪಡಿಯಲ್ಲಿ ಕಂಬಳದ ಜೊತೆ ಎತ್ತಿನ ಗಾಡಿ ಓಟವನ್ನೂ ಸೇರಿಸಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಈ ವಾದವಿವಾದ ಮುಖ್ಯವಾಗಿ ಓಟದ ಹೊತ್ತಿನ ಹಿಂಸೆ ಮತ್ತು ಸಂಪ್ರದಾಯದ ಪ್ರಶ್ನೆಯದು. ಬಾರುಕೋಲಿನ ಪೆಟ್ಟನ್ನು ಅದು ಕಾಣುತ್ತದೆ, ಕಾಣಲೇಬೇಕು. ಓಟ ಬಿಟ್ಟ ಎತ್ತಿನ ಮೇವಿನ ಖರ್ಚು ಆ ಚೌಕಟ್ಟಿನ ಹೊರಗೆ ಉಳಿಯುತ್ತದೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಮುದಿ ಎತ್ತಿನ ಹೊರೆ ಪೂರ್ತಿ ಸಾಕಿದವನದೇ.

ಉಪಸಂಹಾರ

ಹುರುಳಿ ಬೇಯಿಸಿ, ಹಿಂಡಿ ಕಲಸಿ, ಮೈ ತಿಕ್ಕುವವನೇ ಇಲ್ಲಿ ಬಹುಮಟ್ಟಿಗೆ ಒಡೆಯನೂ ಹೌದು, ಪಳಗಿಸುವವನೂ ಹೌದು. ಈ ಎರಡು ಪಾತ್ರ ಬೇರೆಯಾಗದಂತೆ ಹಿಡಿದಿಟ್ಟದ್ದು ಹೊಲದ ಕೆಲಸ: ಓಡಿದ ಎತ್ತು ನಾಳೆ ನೇಗಿಲಿಗೆ ಬೇಕಿತ್ತು. ಕಬಿನಿ ನಾಲೆಯ ಬಯಲಲ್ಲಿ ಟ್ರ್ಯಾಕ್ಟರು, ಟಿಲ್ಲರು ಇಳಿದ ಮೇಲೆ ಆ ಹಗ್ಗ ಸಡಿಲವಾಗಿದೆ. ಓಟಕ್ಕೆಂದೇ ಕಟ್ಟಿದ ಜೋಡಿ ಬರಿಯ ಶೋಕಿಯೂ ಅಲ್ಲ, ಅದರ ಬೆಲೆಯಿಂದ ನಾಟಿ ಹಸುವೂ ಉಳಿಯಬಹುದು. ಆದರೆ ಉಳುವ ಎತ್ತಿಗೆ ಮುಪ್ಪಿನವರೆಗೂ ಕೆಲಸವಿತ್ತು. ಓಟದ ಎತ್ತಿನ ಕೆಲಸ ಕಾಲು ಸೋತ ದಿನವೇ ಮುಗಿಯುತ್ತದೆ. ಹೀಗಾಗಿ ಬದಲಾವಣೆಯನ್ನು ಓಟದ ಅಂಗಳಕ್ಕಿಂತ ಮುಡುಕುತೊರೆಯ ವ್ಯಾಪಾರದಲ್ಲಿ ಗುರುತಿಸುವುದು ಸುಲಭ. ಹಲ್ಲು ನೋಡಿ ತುಟಿ ಬಿಟ್ಟ ಮೇಲೆ ಕೊಳ್ಳುವವನು ‘ಗೇಮೆಗೆ ಹೆಂಗೆ?’ ಎನ್ನುತ್ತಾನೋ, ‘ಎಲ್ಲೆಲ್ಲಿ ಗೆದ್ದವೆ?’ ಎನ್ನುತ್ತಾನೋ ಕೇಳಿಸಿಕೊಂಡರೆ ಸಾಕು.