ನಿರ್ಮಾಣ ಸುರಕ್ಷತೆಯಲ್ಲಿ ನಾಲ್ಕು ಆಯಾಮದ ಗಣಕ ಮಾದರಿ

ನಾಲ್ಕು ಆಯಾಮದ ಗಣಕ ಮಾದರಿ ಎಂಬುದು ಕಟ್ಟಡವೊಂದರ ಮೂರು ಆಯಾಮದ ಮಾದರಿಗೆ ಕಾಮಗಾರಿಯ ವೇಳಾಪಟ್ಟಿಯನ್ನು ಜೋಡಿಸಿ, ಕಟ್ಟಡವು ದಿನದಿಂದ ದಿನಕ್ಕೆ ಮೇಲೇಳುವ ಬಗೆಯನ್ನು ಪರದೆಯ ಮೇಲೆ ತೋರಿಸುವ ವಿಧಾನ. ಇಲ್ಲಿ ನಾಲ್ಕನೆಯ ಆಯಾಮವೆಂದರೆ ಕಾಲ. ಕೆಲಸ ಆರಂಭವಾಗುವ ಮೊದಲೇ ಅಪಾಯದ ಸ್ಥಳಗಳನ್ನು ಗುರುತಿಸಿ ತಕ್ಕ ರಕ್ಷಣೆಯನ್ನು ಯೋಜಿಸಲು ಇದನ್ನು ಬಳಸಲಾಗುತ್ತದೆ. ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ‘ಬಿಮ್’ ಎಂಬ ವಿಶಾಲ ಪದ್ಧತಿಯ ಒಂದು ಭಾಗವಿದು.

ಅಗತ್ಯ

ವಾಸ್ತುಶಿಲ್ಪಿಯ ನಕ್ಷೆಯು ಮುಗಿದ ಕಟ್ಟಡವನ್ನು ತೋರಿಸುತ್ತದೆ. ಕಾರ್ಮಿಕನು ದುಡಿಯುವುದು ಮುಗಿಯದ ಕಟ್ಟಡದಲ್ಲಿ. ಲಿಫ್ಟಿಗಾಗಿ ಬಿಟ್ಟ ತೆರೆದ ಕಂಡಿ, ಗೋಡೆ ಏಳದ ಮಹಡಿಯ ಅಂಚು, ಕಟಾಂಜನವಿಲ್ಲದ ಮೆಟ್ಟಿಲು ಇವಾವುವೂ ಅಂತಿಮ ನಕ್ಷೆಯಲ್ಲಿ ಕಾಣಿಸುವುದಿಲ್ಲ. ಎತ್ತರದಿಂದ ಬೀಳುವುದು ಅನೇಕ ದೇಶಗಳಲ್ಲಿ ನಿರ್ಮಾಣ ಕಾರ್ಮಿಕರ ಸಾವಿಗೆ ಮುಖ್ಯ ಕಾರಣವಾಗಿರುವುದರಿಂದ, ಕೆಲವೇ ದಿನ ಇದ್ದು ಮರೆಯಾಗುವ ಇಂಥ ಅಪಾಯಗಳನ್ನು ಮುಂಚಿತವಾಗಿ ಕಾಣುವುದು ಮಹತ್ವದ್ದಾಗಿದೆ.

ಕಾರ್ಯವಿಧಾನ

ಮಾದರಿಯಲ್ಲಿರುವ ಪ್ರತಿಯೊಂದು ಕಂಬ, ತೊಲೆ ಹಾಗೂ ಚಪ್ಪಡಿಯನ್ನು ವೇಳಾಪಟ್ಟಿಯ ಒಂದೊಂದು ಕೆಲಸಕ್ಕೆ ಹೊಂದಿಸಲಾಗುತ್ತದೆ. ಬಳಿಕ ಯಾವುದೇ ದಿನಾಂಕವನ್ನು ಆರಿಸಿದರೂ ಅಂದಿನ ಕಟ್ಟಡದ ಸ್ಥಿತಿ ಪರದೆಯಲ್ಲಿ ಮೂಡುತ್ತದೆ. ಉದಾಹರಣೆಗೆ, ಮೂರನೆಯ ಮಹಡಿಯ ಚಪ್ಪಡಿ ಹಾಕುವುದಕ್ಕೂ ಅದರ ಹೊರಗೋಡೆ ಕಟ್ಟುವುದಕ್ಕೂ ನಡುವೆ ಮೂರು ವಾರಗಳ ಅಂತರವಿದ್ದರೆ, ಅಷ್ಟು ಕಾಲ ಅಂಚಿಗೆ ತಾತ್ಕಾಲಿಕ ಕಟಾಂಜನ ಬೇಕೆಂಬುದು ಸ್ಪಷ್ಟವಾಗುತ್ತದೆ. ಅದನ್ನು ನಿಲ್ಲಿಸುವುದನ್ನೂ ಕಳಚುವುದನ್ನೂ ವೇಳಾಪಟ್ಟಿಯಲ್ಲಿಯೇ ಪ್ರತ್ಯೇಕ ಕೆಲಸಗಳಾಗಿ ಸೇರಿಸಬಹುದು. ಕ್ರೇನು ಭಾರವೆತ್ತುವ ದಾರಿಯ ಕೆಳಗೆ ಅದೇ ದಿನ ಬೇರೊಂದು ತಂಡಕ್ಕೆ ಕೆಲಸ ಗೊತ್ತಾಗಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ನಾನಾ ಭಾಷೆಗಳ ಕಾರ್ಮಿಕರು ಒಟ್ಟುಗೂಡುವ ಕಾಮಗಾರಿಗಳಲ್ಲಿ ಪುಟಗಟ್ಟಲೆ ಸೂಚನೆಗಳಿಗಿಂತ ಇಂಥ ಚಿತ್ರವೊಂದು ಬೇಗ ಅರ್ಥವಾಗುತ್ತದೆ.

ಈ ತಪಾಸಣೆಯನ್ನು ಗಣಕಕ್ಕೇ ವಹಿಸುವ ಪ್ರಯತ್ನಗಳೂ ನಡೆದಿವೆ. ಅಮೆರಿಕದ ಜಾರ್ಜಿಯಾ ತಾಂತ್ರಿಕ ವಿದ್ಯಾಸಂಸ್ಥೆಯ ಚಾರ್ಲ್ಸ್ ಈಸ್ಟ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಾದರಿಯೊಳಗಿನ ಕಂಡಿಗಳನ್ನೂ ಅಂಚುಗಳನ್ನೂ ತಾನೇ ಹುಡುಕಿ ರಕ್ಷಣಾಕ್ರಮವನ್ನು ಸೂಚಿಸುವ ವ್ಯವಸ್ಥೆಯನ್ನು ವಿವರಿಸಲಾಗಿದೆ. ನಿರ್ಮಾಣ ಕೆಲಸದಲ್ಲಿ 6 ಅಡಿ ಅಥವಾ ಅದಕ್ಕಿಂತ ಎತ್ತರದಿಂದ ಬೀಳುವ ಸಂಭವವಿರುವಲ್ಲಿ ರಕ್ಷಣೆ ಕಡ್ಡಾಯವೆಂಬುದು ಆ ದೇಶದ ನಿಯಮ. ಹೀಗೆ ಅಳತೆಯಲ್ಲಿ ಹೇಳಲಾದ ನಿಯಮವನ್ನು ಗಣಕಕ್ಕೆ ಕಲಿಸುವುದು ಸುಲಭ. ‘ಸೂಕ್ತ ಎಚ್ಚರಿಕೆ ವಹಿಸತಕ್ಕದ್ದು’ ಎಂಬಂಥ ನಿಯಮವನ್ನು ಕಲಿಸುವುದು ಕಷ್ಟ.

ಬ್ರಿಟನ್ನಿನಲ್ಲಿ 1994ರ ನಿಯಮಾವಳಿಯೇ ವಿನ್ಯಾಸಕಾರರಿಗೂ ಸುರಕ್ಷತೆಯ ಹೊಣೆಯನ್ನು ವಹಿಸಿತ್ತು. 2015ರಲ್ಲಿ ಅದು ಪರಿಷ್ಕೃತವಾಯಿತು. ಬಿಮ್ ಮೂಲಕ ಆರೋಗ್ಯ ಹಾಗೂ ಸುರಕ್ಷತಾ ಮಾಹಿತಿಯನ್ನು ಹಂಚಿಕೊಳ್ಳುವ ಬಗ್ಗೆ ಬ್ರಿಟಿಷ್ ಮಾನಕ ಸಂಸ್ಥೆಯು 2018ರಲ್ಲಿ ನಿರ್ದೇಶನವೊಂದನ್ನು ಹೊರತಂದಿತು.

ಮಿತಿಗಳು

ಮಾದರಿಯು ತನಗೆ ಕೊಟ್ಟದ್ದನ್ನು ಮಾತ್ರ ತೋರಿಸಬಲ್ಲದು. ಸಾರುವೆ, ಸೆಂಟ್ರಿಂಗ್, ಅಗೆದ ಹಳ್ಳದ ಬದಿಗೆ ಕೊಡುವ ಆಸರೆ ಮೊದಲಾದ ತಾತ್ಕಾಲಿಕ ರಚನೆಗಳನ್ನು ಅನೇಕ ಸಲ ಮಾದರಿಯಲ್ಲಿ ಸೇರಿಸುವುದೇ ಇಲ್ಲ. ಕುಸಿತದ ಭಯವಿರುವುದು ಬಹುಮಟ್ಟಿಗೆ ಅಲ್ಲಿಯೇ. ಮಳೆಯಿಂದಲೋ ಸಾಮಗ್ರಿಯ ಕೊರತೆಯಿಂದಲೋ ಕೆಲಸ ಹಿಂದೆ ಬಿದ್ದು, ವೇಳಾಪಟ್ಟಿಯನ್ನು ತಿದ್ದದೆ ಹೋದರೆ, ಕಟಾಂಜನವನ್ನು ಕಳಚುವ ದಿನ ಬಂದರೂ ಗೋಡೆ ಎದ್ದಿರುವುದಿಲ್ಲ.