ಬೇಸಿಗೆಯ ಸರ್ವೇ ಕ್ಯಾಂಪು ಮತ್ತು ಮದ್ರಾಸಿನ ಎಂಟು ಹುಡುಗರು

ಪುಣೆಯಲ್ಲಿರುವ ನಮ್ಮಕ್ಕ ಹೋದ ತಿಂಗಳು ಫೋನ್ ಮಾಡಿ ಒಂದು ದೂರು ಹೇಳಿದಳು. ಅವಳ ಮಗಳು ಭೂಗೋಳದಲ್ಲಿ ಪದವಿ ಓದ್ತಿದಾಳೆ. ಬೇಸಿಗೆ ರಜೆಗೆ ಮನೆಯಲ್ಲಿರೋ ಬದಲು ಹತ್ತು ದಿನದ ಫೀಲ್ಡ್ ಕೋರ್ಸಿಗೆ ಅಂತ ಸಹ್ಯಾದ್ರಿಗೆ ಹೋಗಬೇಕಂತೆ. ಟೆಂಟಿನಲ್ಲಿ ಮಲಗೋದು, ದಿನಾ ಬೆಟ್ಟ ಹತ್ತೋದು, ಸಂಜೆ ಕೂತು ನಕ್ಷೆ ಬರೆಯೋದು. "ಫೀಸೂ ಕಟ್ಟಿ ಬಿಸಿಲೂ ತಿನ್ನಬೇಕಾ? ಇದೇನು ಓದೋ ಪಿಕ್ನಿಕ್ಕೋ?" ಅಂತ ಅವಳ ಪ್ರಶ್ನೆ. ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳೀತು. ಯಾಕಂದ್ರೆ ನಾನಿರೋದು ಚೆನ್ನೈನಲ್ಲಿ. ಈ ಬಿಸಿಲಿನ ಓದಿಗೆ ನಮ್ಮ ದೇಶದಲ್ಲಿರುವ ಒಂದು ಹಳೇ ಬೇರು ಇದೇ ಊರಿನಲ್ಲಿದೆ.

1794ನೇ ಇಸವಿ. ಆಗಿನ ಮದ್ರಾಸಿನಲ್ಲಿ ಮೈಕೆಲ್ ಟಾಪಿಂಗ್ ಅಂತ ಒಬ್ಬ ಸರ್ವೇಯರ್ ಇದ್ದ. ಕರಾವಳಿ ಅಳೆದವನು, ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದವನು, ಗೋದಾವರಿ–ಕೃಷ್ಣಾ ಮುಖಜಭೂಮಿಯಲ್ಲಿ ನೀರಾವರಿಗೆ ನೆಲದ ಮಟ್ಟ ನೋಡಿದವನು. ಅವನಿಗೆ ಕೈಯಾಳು ಬೇಕಿತ್ತು. ಇಂಗ್ಲೆಂಡಿನಿಂದ ಬಂದ ಅಧಿಕಾರಿಗಳಿಗೆ ಸಂಬಳ ಜಾಸ್ತಿ, ಸಂಖ್ಯೆ ಕಡಿಮೆ. ಅವನು ಕಂಡುಕೊಂಡ ದಾರಿ ಅಂದ್ರೆ ಎಗ್ಮೋರಿನ ಅನಾಥಾಲಯ, ಆಗ ಅದಕ್ಕೆ ಮೇಲ್ ಅಸೈಲಂ ಅನ್ನೋರು. ಅಲ್ಲಿಂದ ಎಂಟು ಹುಡುಗರನ್ನು ಆರಿಸಿಕೊಂಡು ಸರ್ವೇ ಶಾಲೆ ಶುರು ಮಾಡಿದ. ಅದೇ ಶಾಲೆ ಬೆಳೆದು, ಹೆಸರು ಬದಲಾಯಿಸಿ, 1920ರಲ್ಲಿ ಗಿಂಡಿಗೆ ಬಂತು. ಗಿಂಡಿ ಎಂಜಿನಿಯರಿಂಗ್ ಕಾಲೇಜು ಅಂದ್ರೆ ನಿಮಗೆ ಗೊತ್ತು, ಈಗ ಅಣ್ಣಾ ವಿಶ್ವವಿದ್ಯಾಲಯದ ಭಾಗ.

ಈ ಹುಡುಗರು ಯಾರು? ಹೆಚ್ಚಿನವರ ಅಪ್ಪ ಕಂಪನಿಯ ಗೋರಾ ಸಿಪಾಯಿ, ಅಮ್ಮ ಇಲ್ಲಿಯವಳು. ಇವರ ಮೇಲೆ ಕಂಪನಿ ಅದೇ ವರ್ಷಗಳಲ್ಲಿ ಬಾಗಿಲು ಹಾಕಿತ್ತು. ಭಾರತೀಯ ತಾಯಿಯ ಮಕ್ಕಳಿಗೆ ಸಿವಿಲ್, ಸೇನೆ, ನೌಕಾ ಹುದ್ದೆ ಇಲ್ಲ ಅಂತ 1791ರಲ್ಲಿ ಆದೇಶ ಆಯ್ತು. 1795ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, ಸೇನೆಯಲ್ಲಿ ತಮಟೆ, ಕೊಳಲು, ಕುದುರೆ ಲಾಳದ ಕೆಲಸ ಮಾತ್ರ ಬಿಟ್ಟರು. ಅಂದ್ರೆ ಅಪ್ಪನ ಕೆಲಸ ಮಗನಿಗೆ ಸಿಗಲ್ಲ, ಅಮ್ಮನ ಊರಿಗೆ ಮಗ ಸಲ್ಲಲ್ಲ. ಅಂಥ ಹುಡುಗನಿಗೆ ಉಳಿದ ಕೆಲವೇ ದಾರಿಗಳಲ್ಲಿ ಒಂದು ಸರಪಳಿ ಹಿಡಿದು ನೆಲ ಅಳೆಯೋದು. ನನಗೆ ಈ ಕತೆಯಲ್ಲಿ ಚುಚ್ಚೋದು ಇದೇ ಜಾಗ.

ಶಾಲೆ ಅಂದ್ರೆ ನಾಲ್ಕು ಗೋಡೆ, ಬೆಂಚು ಅಂತ ಅಂದ್ಕೋಬೇಡಿ. ಲೆಕ್ಕ, ರೇಖಾಗಣಿತ, ನಕ್ಷೆ ನಕಲು ಮಾಡೋದು ಒಳಗೆ ಕಲಿತರೂ ನಿಜವಾದ ಪಾಠ ಹೊರಗೆ, ಸರ್ವೇ ತಂಡದ ಬೆನ್ನ ಹಿಂದೆ ನಡೀತಾ. ಟಾಪಿಂಗ್ 1796ರಲ್ಲಿ ತೀರಿಕೊಂಡ, ಗೋಲ್ಡಿಂಗ್‌ಹ್ಯಾಂ ಅನ್ನೋನು ಶಾಲೆ ನೋಡಿಕೊಂಡ. ಅಷ್ಟರಲ್ಲಿ ಈ ಹುಡುಗರಿಗೆ ದೊಡ್ಡ ಫೀಲ್ಡ್ ಒಂದು ಕಾದಿತ್ತು. ಯಾವುದು ಹೇಳಿ? ನಮ್ಮ ಮೈಸೂರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರಿಗೆ ತಾವು ಗೆದ್ದ ನಾಡು ಎಷ್ಟಿದೆ, ಎಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಕಾಲಿನ್ ಮೆಕೆಂಜಿಯನ್ನು ಮೈಸೂರು ಸರ್ವೇಗೆ ನೇಮಿಸಿದರು. ಸುಮಾರು ಹತ್ತು ವರ್ಷದ ಕೆಲಸ. ಮೆಕೆಂಜಿ ಅಂದ ಕೂಡಲೇ ನಮಗೆ ಅವನು ಕೂಡಿಸಿದ ಕೈಫಿಯತ್ತು, ಶಾಸನ ನೆನಪಾಗುತ್ತೆ. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಅನ್ನೋ ಸಹಾಯಕರ ಹೆಸರೂ ಈಚೆಗೆ ಕೇಳಿಬರುತ್ತೆ, ಒಳ್ಳೇದು. ಆದರೆ ಬಯಲಲ್ಲಿ ಊರಿಂದ ಊರಿಗೆ ನಡೆದು, ಕೆರೆ, ಹಳ್ಳ, ದಾರಿ ಗುರುತು ಹಾಕಿಕೊಂಡವರಲ್ಲಿ ಮದ್ರಾಸಿನ ಈ ಹುಡುಗರೂ ಇದ್ದರು. ಡೇರೆ, ಎತ್ತಿನ ಗಾಡಿ, ಮಲೆನಾಡಿನ ಅಂಚಿಗೆ ಬಂದರೆ ಚಳಿಜ್ವರ. ಮೆಕೆಂಜಿಯೇ ಜ್ವರದಲ್ಲಿ ನರಳಿದವನು, ಹುಡುಗರ ಪಾಡು ಕೇಳಬೇಕೆ?

ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದ. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ಅಳೆದು, ತ್ರಿಕೋನ ಹೆಣೆಯುತ್ತಾ ಇಡೀ ದೇಶ ಅಳೆಯೋದು. ಅದಕ್ಕೆ ಮೊದಲು ನೆಲದ ಮೇಲೆ ಒಂದು ಗೆರೆಯನ್ನು ತಪ್ಪಿಲ್ಲದೆ ಅಳೀಬೇಕು. 1800ರಲ್ಲಿ ಬೆಂಗಳೂರಲ್ಲಿ ಮೊದಲ ಪ್ರಯತ್ನ ಆಯ್ತು. 1802ರಲ್ಲಿ ಇಲ್ಲೇ, ಸೇಂಟ್ ಥಾಮಸ್ ಮೌಂಟ್ ಹತ್ತಿರ, ಏಪ್ರಿಲ್–ಮೇ ತಿಂಗಳಲ್ಲಿ ಏಳೂವರೆ ಮೈಲಿ. ಚೆನ್ನೈನ ಮೇ ತಿಂಗಳು ಗೊತ್ತಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ನೂರು ಅಡಿಯ ಉಕ್ಕಿನ ಸರಪಳಿ. ಅದು ಬ್ರಿಟಿಷರು ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಒಯ್ದು, ಅವನು ಬೇಡ ಅಂದಿದ್ದ ಮಾಲು! ಬಿಸಿಲಿಗೆ ಉಕ್ಕು ಹಿಗ್ಗುತ್ತಲ್ಲ, ಅದಕ್ಕೆ ಸರಪಳಿಯನ್ನು ಮರದ ದೋಣಿಯಂಥ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ನೋಡ್ತಾ, ಸುಮಾರು 400 ಸಲ ಎತ್ತಿ ಮುಂದಿಟ್ಟರು. ಆಮೇಲೆ ಪಶ್ಚಿಮಕ್ಕೆ ತ್ರಿಕೋನ ಹೆಣೆದು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ನೆಲ ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ಈ ಸಂಖ್ಯೆ ಓದಿದಾಗೆಲ್ಲ ನನಗೆ ನಾಚಿಕೆ ಆಗುತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಸಾವನದುರ್ಗ, ಬಲ್ಲಾಳರಾಯನ ದುರ್ಗ, ಈಗ ನೀವು ಶನಿವಾರ ಟ್ರೆಕ್ಕಿಂಗ್ ಹೋಗೋ ಬೆಟ್ಟಗಳೇ ಲ್ಯಾಂಬ್ಟನ್ನನ ಠಾಣೆಗಳು. ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊತ್ತವರು ಕೂಲಿಗಳು. ಮಂಗಳೂರು ಕಡಲು ಮುಟ್ಟಿದಾಗ ಗೊತ್ತಾಗಿದ್ದೇನು ಅಂದ್ರೆ, ಹಳೇ ನಕ್ಷೆಗಳು ಪರ್ಯಾಯ ದ್ವೀಪವನ್ನು 40 ಮೈಲಿ ಅಗಲ ಹೆಚ್ಚಾಗಿ ತೋರಿಸಿದ್ದವು. ಈ ತಂಡದಲ್ಲಿ ಜೋಶುವಾ ಡಿ ಪೆನ್ನಿಂಗ್, ಜೋಸೆಫ್ ಆಲಿವರ್ ಇದ್ದರು, ಮದ್ರಾಸಿನ ಸರ್ವೇ ಶಾಲೆಯಲ್ಲಿ ತಯಾರಾದವರು. ಹುಡುಗರಾಗಿ ಸೇರಿ ಇದೇ ಕೆಲಸದಲ್ಲಿ ಮುದುಕರಾದರು. ಜಾರ್ಜ್ ಎವರೆಸ್ಟ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದ ವರ್ಷಗಳಲ್ಲಿ ಕಲ್ಕತ್ತೆಯ ಕಡೆಗೆ ತ್ರಿಕೋನಗಳನ್ನು ಒಯ್ದವನು ಆಲಿವರ್. ಎವರೆಸ್ಟ್ ಹೆಸರಲ್ಲಿ ಪರ್ವತ ಇದೆ. ಆಲಿವರ್ ಹೆಸರಲ್ಲಿ ಒಂದು ಗುಡ್ಡವಾದರೂ ಇದೆಯಾ, ನನಗಂತೂ ಕಂಡಿಲ್ಲ. ಇವರ ಬದುಕಿನ ಚೂರುಪಾರು ಸಿಕ್ಕೋದು ಫಿಲಿಮೋರ್ ಅನ್ನೋ ಸರ್ವೇ ಅಧಿಕಾರಿ ಬರೆದ ದಪ್ಪ ದಪ್ಪ ಸಂಪುಟಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಇನ್ನು ನನ್ನ ನಾಚಿಕೆ. ನಾನು ಓದಿದ್ದು ಕರ್ನಾಟಕದಲ್ಲಿ ಸಿವಿಲ್ ಎಂಜಿನಿಯರಿಂಗ್. ನಮಗೂ ಒಂದು ಬೇಸಿಗೆ ಕ್ಯಾಂಪ್ ಇತ್ತು, ಎಕ್ಸ್‌ಟೆನ್ಸಿವ್ ಸರ್ವೇ ಅಂತ. ಹೊಸ ಕೆರೆ, ಹಳೇ ಕೆರೆ ದುರಸ್ತಿ, ರಸ್ತೆ, ನೀರು ಸರಬರಾಜು. ಹಳ್ಳಿ ಶಾಲೆ ಪಕ್ಕ ಟೆಂಟು, ಬೆಳಗ್ಗೆ ಆರಕ್ಕೆ ಉಪ್ಪಿಟ್ಟು, ಗುಡ್ಡ ಹತ್ತೋದು. ಹಳೇ ಕೆರೆಯ ಸುತ್ತ ಲೆವೆಲ್ ತಗೊಂಡು ಹೊರಟ ಜಾಗಕ್ಕೇ ಬಂದಾಗ ನಮ್ಮ ಲೆಕ್ಕ ಒಂದಡಿ ತಪ್ಪಿತ್ತು. ಅರ್ಧ ದಿನದ ಸುತ್ತು. ಮತ್ತೆ ಸುತ್ತೋ ಬದಲು ಟೆಂಟಲ್ಲಿ ಕೂತು ಫೀಲ್ಡ್ ಬುಕ್ಕಿನ ಅಂಕಿ ತಿದ್ದಿದ್ವಿ. ಚೆನ್ನಾಗಿ ಮಾರ್ಕ್ಸ್ ಬಂತು.

ಅಷ್ಟೇ ಆಗಿದ್ರೆ ಮರೀತಿದ್ದೆ. ಹತ್ತು ದಿನವೂ ನಮಗೆ ಸ್ಟಾಫ್ ಹಿಡಿದವನು ಆ ಊರಿನ ಒಬ್ಬ ಹುಡುಗ, ಹತ್ತನೇ ಕ್ಲಾಸ್ ಮುಗಿಸಿದ್ದ. ಕೆರೆಗೆ ನೀರು ಬರೋ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ತೋರಿಸಿದವನೂ ಅವನೇ. ನಾವು ಅದನ್ನು ವರದಿಯಲ್ಲಿ ನಮ್ಮ ಶೋಧನೆ ಅಂತ ಬರೆದ್ವಿ. ಮುಖಪುಟದಲ್ಲಿ ನಮ್ಮ ಬ್ಯಾಚಿನವರ ಹೆಸರಷ್ಟೇ. ಈ ವಿಡಿಯೋ ತಯಾರಿ ಮಾಡ್ತಾ ಅವನ ಹೆಸರು ನೆನಪು ಮಾಡ್ಕೊಳ್ಳೋಕೆ ನೋಡಿದೆ. ಆಗಲಿಲ್ಲ. ಹಳೇ ಗೆಳೆಯನಿಗೆ ಫೋನ್ ಮಾಡಿದೆ, ಅವನಿಗೂ ಗೊತ್ತಿಲ್ಲ. "ತಮ್ಮಾ ಅಂತಿದ್ವಲ್ಲೋ" ಅಂದ.

ನುಂಗಂಬಾಕ್ಕಂನ ಹವಾಮಾನ ಕಚೇರಿ ಆವರಣದಲ್ಲಿ ಹಳೇ ವೀಕ್ಷಣಾಲಯದ ಗ್ರಾನೈಟ್ ಕಂಬ ಇವತ್ತಿಗೂ ನಿಂತಿದೆ. ಟಾಪಿಂಗನ ಹೆಸರೂ 1792 ಅನ್ನೋ ವರ್ಷವೂ ಕಲ್ಲಿನಲ್ಲಿವೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ, ಅವಳು ಪೂರ್ತಿ ಒಪ್ಪಲಿಲ್ಲ, ಆದ್ರೂ ಟೋಪಿ, ನೀರಿನ ಬಾಟಲಿ ಕೊಟ್ಟು ಕಳಿಸಿದಾಳೆ. ಅವಳ ಮಗಳಿಗೆ ನಾನೊಂದು ಮೆಸೇಜ್ ಹಾಕಿದೆ: ದಾರಿ ತೋರಿಸಿದವರ ಹೆಸರು ಬರ್ಕೋ ಅಂತ. ರಾತ್ರಿ ಸಿಗ್ನಲ್ ಸಿಕ್ಕಾಗ ಉತ್ತರ ಬಂತು: "ನಮ್ ಫಾರ್ಮಲ್ಲಿ ಆ ಕಾಲಂ ಇಲ್ಲ ಮಾಮ. ಅಂಚಲ್ಲಿ ಬರೀತೀನಿ."

ಮುಂದಿನ ವಾರ ಬಲ್ಲಾಳರಾಯನ ದುರ್ಗದಿಂದ ಮಂಗಳೂರಿನ ಕಡೆಗಿನ ತ್ರಿಕೋನಗಳ ಬಗ್ಗೆ ಮಾತಾಡೋಣ. ಬರ್ತೀನಿ.