ಮಾರ್ಕೆಟ್ ಬಿದ್ದ ದಿನ ನನ್ನ ಫೋನಿನಲ್ಲಿ ಏನಿತ್ತು?

ಇವತ್ತಿನ ಕಥೆ ನನ್ನದೇ ಫೋನಿನಿಂದ ಶುರುವಾಗುತ್ತೆ.

2016ರ ಆಗಸ್ಟ್. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದು ಬಿತ್ತು. ಸುದ್ದಿ ಕೇಳಿದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಫೋನ್ ತೆಗೆದು ಗ್ಯಾಲರಿ ಹುಡುಕಿದ್ದು. ಚಿಕ್ಕಂದಿನಿಂದ ಅಮ್ಮನ ಜೊತೆ ಹೂವು, ಬಾಳೆಹಣ್ಣು ತರೋಕೆ ಹೋಗ್ತಿದ್ದ ಜಾಗ ಅದು. ಆದರೆ ಅದರ ಒಂದೇ ಒಂದು ಫೋಟೋ ನನ್ನ ಹತ್ರ ಇರಲಿಲ್ಲ. ದೀಪ ಹಾಕಿದ ಅರಮನೆ ಇತ್ತು, ನೂರಾರು ಸಲ. ಜಂಬೂ ಸವಾರಿಯ ಆನೆ ಇತ್ತು, ಯಾರದೋ ತಲೆಗಳ ಹಿಂದೆ. ದಿನಾ ಕಂಡದ್ದನ್ನು ನಾನು ತೆಗೆದೇ ಇರಲಿಲ್ಲ. ಅದು ಅಲ್ಲೇ ಇರುತ್ತೆ, ಎಲ್ಲಿ ಹೋಗುತ್ತೆ ಅನ್ನೋ ಧೈರ್ಯ!

ಆ ಧೈರ್ಯ ತಪ್ಪು ಅಂತ ನಮ್ಮೂರಿಗೆ ಮೊದಲೇ ಗೊತ್ತಾಗಬೇಕಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳೇ ಹೋಗಿದ್ದವು.

ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದ್ದ ಒಬ್ಬ ಮನುಷ್ಯ ಪ್ಯಾರಿಸ್‌ನಲ್ಲಿದ್ದ. ಹೆಸರು ಯೂಜೀನ್ ಅಜೆ. ಹಿಂದೆ ನಾಟಕದ ನಟ. 19ನೇ ಶತಮಾನದ ಕೊನೆಯಿಂದ 1927ರಲ್ಲಿ ಸಾಯುವ ತನಕ ಭಾರದ ಮರದ ಕ್ಯಾಮೆರಾ, ಟ್ರೈಪಾಡ್, ಗಾಜಿನ ಪ್ಲೇಟುಗಳನ್ನು ಹೊತ್ತು ಹಳೇ ಪ್ಯಾರಿಸ್ ಸುತ್ತಿದ. ಅರಮನೆಗಿಂತ ಹೆಚ್ಚಾಗಿ ಅವನ ಕಣ್ಣಿಗೆ ಬಿದ್ದದ್ದು ಅಂಗಡಿಯ ಗಾಜು, ಮೆಟ್ಟಿಲು, ಬಾಗಿಲು, ಬೀದಿ ವ್ಯಾಪಾರಿ, ಚಿಂದಿ ಆಯುವವರು. ಚಿತ್ರ ಬರೆಯುವವರಿಗೆ ಮಾದರಿಯಾಗಿ, ಗ್ರಂಥಾಲಯಗಳಿಗೆ ದಾಖಲೆಯಾಗಿ ಮಾರಿ ಹೊಟ್ಟೆ ಹೊರೆದ. 1920ರಲ್ಲಿ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗೆ ಫ್ರಾನ್ಸ್ ಸರ್ಕಾರವೇ ಕೊಂಡುಕೊಂಡಿತು. ಅವನು ತೆಗೆದ ಬೀದಿಗಳಲ್ಲಿ ಎಷ್ಟೋ ಇವತ್ತಿಲ್ಲ. ಚಿತ್ರ ಇದೆ.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನಲ್ಲೇ ಹುಟ್ಟಿದವರು ಟಿ. ಎಸ್. ಸತ್ಯನ್. 1923ರಲ್ಲಿ ಜನನ. 1948ರಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡ್‌ನಲ್ಲಿ ಫೋಟೋಗ್ರಾಫರ್ ಆದರು. ಮುಂದೆ ಅವರ ಚಿತ್ರಗಳು ಅಮೆರಿಕದ 'ಲೈಫ್' ಪತ್ರಿಕೆಯವರೆಗೂ ಹೋದವು. 1977ರಲ್ಲಿ ಪದ್ಮಶ್ರೀ ಬಂತು. ಪ್ರಧಾನಿಗಳನ್ನೂ ತೆಗೆದವರು ಅವರು. ಆದರೆ ಅವರ ಹೆಸರು ಹೇಳಿದ ಕೂಡಲೇ ನೆನಪಿಗೆ ಬರೋದು ಮಕ್ಕಳು, ಅಮ್ಮಂದಿರು, ಹಳ್ಳಿ ಶಾಲೆ, ಕೆಲಸದಲ್ಲಿ ಮುಳುಗಿದ ಜನಸಾಮಾನ್ಯರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಕೊನೆಗಾಲದಲ್ಲೂ ಅವರು ಇದ್ದದ್ದು ಮೈಸೂರಿನಲ್ಲೇ. 2009ರಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಒಂದು ರೀಲ್ ಹಾಕಿದರೆ ಹನ್ನೆರಡೋ ಮೂವತ್ತಾರೋ ಚಿತ್ರ, ಅಷ್ಟೇ. ಪ್ರತಿ ಕ್ಲಿಕ್ಕಿಗೂ ದುಡ್ಡು. ನಮಗೆ ಆ ಲೆಕ್ಕವೇ ಇಲ್ಲ. ಹಾಗಿದ್ದೂ ಎಲ್ಲರ ಫೋನಿನಲ್ಲೂ ಅದೇ ಅರಮನೆ, ಅದೇ ಆನೆ.

ದಸರಾ ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಸಲ ಕ್ಯಾಮೆರಾನ ಮೆರವಣಿಗೆ ಕಡೆಯಿಂದ ಜನರ ಕಡೆ ತಿರುಗಿಸಿ ನೋಡಿ. ಅಪ್ಪನ ಹೆಗಲ ಮೇಲೆ ಕೂತ ಮಗು, ಬೆಳಗ್ಗೆಯೇ ಬಂದು ಫುಟ್‌ಪಾತಿನಲ್ಲಿ ಜಾಗ ಹಿಡಿದವರು, ಚುರುಮುರಿ ಗಾಡಿ, ಎಲ್ಲ ಮುಗಿದ ಮೇಲೆ ಕಸ ಗುಡಿಸುವ ಪೌರಕಾರ್ಮಿಕರು. ಐವತ್ತು ವರ್ಷ ಆದಮೇಲೆ ಇತಿಹಾಸ ಬರೆಯುವವರು ಹುಡುಕೋದು ಇದನ್ನೇ. ಅಂಬಾರಿಯ ಫೋಟೋ ಅವರಿಗೆ ಹೇಗೂ ಸಿಗುತ್ತೆ.

ಎರಡು ಮಾತು ನೆನಪಿರಲಿ. ಒಂದು, ಹತ್ತಿರದಿಂದ ಮುಖ ತೆಗೆಯುವಾಗ ಕೇಳಿ. ಬೇಡ ಅಂದರೆ ಬಿಡಿ. ಎರಡು, ಎಲ್ಲಿ, ಯಾವತ್ತು ಅಂತ ಬರೆದಿಡಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಚಿತ್ರವೂ ಕುಗ್ಗುತ್ತೆ, ಅದರೊಳಗಿನ ಜಾಗದ ವಿವರವೂ ಅಳಿಸಿಹೋಗುತ್ತೆ. ಮೂಲ ಫೈಲನ್ನು ಎರಡು ಕಡೆ ಇಡಿ. ಫೋನ್ ಕಳೆದರೆ ಊರೂ ಕಳೆದ ಹಾಗೆ ಆಗಬಾರದು.

ಮಾರ್ಕೆಟ್ ಬಿದ್ದ ಮುಂದಿನ ವಾರ ನಾನು ಅಲ್ಲಿಗೆ ಹೋದೆ. ಉಳಿದಿದ್ದ ಸಾಲಿನಲ್ಲಿ ಒಬ್ಬ ಅಜ್ಜಿ ಹೂ ಕಟ್ಟುತ್ತಿದ್ದರು. ಫೋಟೋ ತೆಗೀಲಾ ಅಂದೆ.

"ಯಾವ ಪೇಪರ್‌ನಲ್ಲಿ ಬರುತ್ತಪ್ಪಾ?"

"ಯಾವುದ್ರಲ್ಲೂ ಇಲ್ಲ ಅಜ್ಜಿ. ಮಾರ್ಕೆಟ್ ಹಿಂಗಿತ್ತು ಅಂತ ಗೊತ್ತಾಗಲಿ ಅಂತ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಹಂಗಾದ್ರೆ ತಡಿ," ಅಂತ ಬಾಡಿದ ಹೂವನ್ನೆಲ್ಲ ಪಕ್ಕಕ್ಕೆ ಸರಿಸಿ, ಸೆರಗು ಸರಿ ಮಾಡಿಕೊಂಡು ಕೂತರು.

ಆ ಫೋಟೋ ಸ್ವಲ್ಪ ಅಲುಗಾಡಿದೆ. ಆದರೂ ನನ್ನ ಹತ್ರ ಇರೋದರಲ್ಲಿ ನಾನು ಜೋಪಾನವಾಗಿ ಇಟ್ಟಿರೋದು ಅದನ್ನೇ. ಇವತ್ತು ಮನೆಗೆ ಹೋಗುವಾಗ ನೀವೂ ನಿಮ್ಮ ಬೀದಿಯದೊಂದು ಫೋಟೋ ತೆಗೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.